ಹ್ಯಾಮ್‌ಸ್ಟರ್ ಬರೂ ಮೊದಲ

ಮೂರನೇ ಮಗ್ಗ ಗುಜರಿಗೆ ಹೋದ ಜಾಗಾದಾಗ
ನಾಕ ಬೋಲ್ಟಿನ ತೂತು, ಒಂದು ಎಣ್ಣಿ ಕಲಿ.
ಅಲ್ಲೇ ಇಡೂದಂತ ಪಂಜರಾ.
ಭುವನಾ ಸುಣ್ಣದ ಕಡ್ಡೀಲೆ ಗೆರಿ ಎಳದಾಳ,
ಒಳಗ ಯಾರೂ ಕಾಲಿಡಂಗಿಲ್ಲ.
ನಾನೂ ಸುತ್ತ ಹಾಕಿ ಹೋಗಬೇಕು ನನ್ನ ಮಗ್ಗಕ್ಕ.

ಬರೂದು ಐತವಾರ.
ಅಕಿ ಸೋದರಮಾವ ಗುರುಲಿಂಗ ವಿಜಾಪುರದಾಗ ಬಸ್ ಹತ್ತಿ
ಜಮಖಂಡಿ ದಾಟಿ ಬನಹಟ್ಟಿಗೆ ತರತಾನ, ತೊಡಿ ಮ್ಯಾಲ ಇಟಗೊಂಡು.
ಅಂವಂಗ ಒಂದ ಚಿಂತಿ: ಕಂಡಕ್ಟರ ತಿಕೀಟ ಕೇಳಿದ್ರ?
ಕೋಳಿಗೆ ಇಷ್ಟು, ಮಲಕ್ಕ ಇಷ್ಟು ಅಂತಾರ,
ಇದಕ್ಕೇನಂತಾರ?
"ಇಲಿ ಅನಬ್ಯಾಡ ಮಾಮಾ," ಅಂದ್ಳು ಫೋನಿನ್ಯಾಗ,
"ಇಲಿ ಅಂದ್ರ ಇಳಸ್ತಾರ."

ಇಲಿ ಅನಬಾರದು. ಮನ್ಯಾಗೂ ಅದ ಕಾಯ್ದೆ.
ನನಗ ನಾಲಿಗಿ ತಿರುಗೂದಿಲ್ಲ.
ಮೂವತ್ತು ವರ್ಷ ಇಲೀ ಜೋಡಿ ಹಗೆತನಾ ಮಾಡಿದ ಬಾಯಿ ಇದು,
ಒಂದ ರಾತ್ರ್ಯಾಗ ಹಾಸು ಕಡದು
ಮೂರು ಸೀರಿ ಮಣ್ಣ ಮಾಡಿದ್ದು ಮರತಿಲ್ಲ.
ನಿನ್ನೆ ಮಗ್ಗದ ಬುಡಕ ಕೈ ಹಾಕಿ
ಬೋನಾ ತಗದೆ, ಔಷಧದ ಬಿಲ್ಲಿ ತಗದೆ,
ಮೂಲ್ಯಾಗಿನ ಹಳೇ ಪುಡಿ ಒರಸಿ
ಎರಡ ಸಲ ಸಾಬಾಣ ಹಚ್ಚಿ ಕೈ ತೊಳಕೊಂಡೆ.
ನಮ್ಮ ಇಲಿಗೋಳು ನೋಡಿ ನಕ್ಕಿರಬೇಕು.

ನೋಟಬುಕ್ಕಿನ್ಯಾಗ ಬರಕೊಂಡಾಳ:
ಉಳ್ಳಾಗಡ್ಡಿ ಹಾಕಬಾರದು. ಬೆಳ್ಳೊಳ್ಳಿ ಹಾಕಬಾರದು.
ಉಪ್ಪು, ಖಾರಾ ಹತ್ರ ತರಬಾರದು.
"ಹಂಗಾರ ನಮ್ಮನ್ಯಾಗ ಏನ ತಿನಬೇಕವಾ ಅದು?"
ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳಿದ್ಳು ಅವರವ್ವ.
ಜ್ವಾಳಾ ನಡೀತೈತಿ. ಸಜ್ಜಿ ನಡೀತೈತಿ.
ಸವತಿಕಾಯಿ, ಬಳ್ಳಿನಷ್ಟು.
ಜ್ವಾಳಾ ಅಂದಕೂಡ್ಲೆ ಸಮಾಧಾನ ಆತು ಅಕಿಗೆ,
ನಮ್ಮ ಪೈಕೀನ ಇರಬೇಕು ತಗೋ ಅಂದ್ಳು.

ಹಾಸಿಗಿ ಮಾತು ಬಂತು. ನಾ ಎದಿ ಉಬ್ಬಿಸಿದೆ:
ನೂಲಿಗೇನ ಕಮ್ಮಿ ಈ ಮನ್ಯಾಗ?
ಚೀಲಗಟ್ಟಲೆ ವೇಸ್ಟ ಐತಿ, ಮೆತ್ತಗಂದು, ಬಣ್ಣಬಣ್ಣದ್ದು.
ಅಕಿ ತಲಿ ಅಲ್ಲಾಡಿಸಿದ್ಳು.
ಎಳಿ ಕಾಲಿಗೆ ಸುತಗೊಂಡ್ರ
ರಕ್ತಾ ನಿಂತು ಕಾಲ ಹೋಗ್ತೈತಂತ.
ನುಂಗಿದ್ರ ಹೊಟ್ಟ್ಯಾಗ ಗಂಟಾಗ್ತೈತಂತ.
ನಾ ನನ್ನ ಕಾಲು ನೋಡಕೊಂಡೆ.

ಹಂಗಾಗಿ ಕಾಗದಾ ಹರಿಯಾಕ ಕುಂತ್ವಿ ಮೂವರೂ.
ಮಸಿ ಇರದ ಕಾಗದಾನ ಆಗಬೇಕು.
ಸಿಕ್ಕಿತು: ಮೂರನೇ ಮಗ್ಗದ ಲೆಕ್ಕದ ವಹಿ,
ಅರ್ಧಕ್ಕ ನಿಂತದ್ದು,
ಮುಂದಿನ ಹಾಳಿ ಎಲ್ಲಾ ಬಿಳೀವು.
ಪರ್ ಪರ್ ಅಂತ ಹರಕೊಂತ ಹೋದ್ವಿ, ಒಂದ ಡಬ್ಬಿ ತುಂಬಿತು.

ನೂಲು ಮುಗದ ಕೋನಿನ ರಟ್ಟು ಸುರಂಗಕ್ಕ.
ಮನಿಗೆ ಜಕಾರ್ಡಿನ ಹಳೇ ಪಟ್ಟಿ,
ಯಾರೂ ಕೇಳದ ಸೆರಗಿಂದು.
ಮಡಚಿ ಅಂಟಿಸಿ "ನೋಡಪಾ ಎಷ್ಟ ಕಿಡಕಿ!" ಅಂದ್ಳು.
ಆ ತೂತಿನ ಸಾಲಿನ್ಯಾಗ ಒಂದು ನವಿಲು ಕುಂತೈತಿ.
ಹೇಳಲಿಲ್ಲ. ಕಿಡಕೀನ ಇರಲಿ.

"ಅಪ್ಪಾ, ಅದು ಹಗಲ ಮಲಗ್ತೈತಿ.
ಮಗ್ಗ ಸಣ್ಣಗ ಹೊಡಿ."
ಸಣ್ಣಗ ಹೊಡಿಯಾಕ ಇದೇನು ಡೊಳ್ಳೇನವಾ?
ಕೂಸ ಇದ್ದಾಗ ಇದೇ ಸಪ್ಪಳದಾಗ ಮಲಗಿದಾಕಿ ನೀ,
ಕರೆಂಟ ಹೋದ್ರ ಎಚ್ಚರಾಗಿ ಅಳತಿದ್ದಿ.
"ಅದು ನಿನ್ನ ಮಗಳಲ್ಲ," ಅಂದ್ಳು.

ಮರುದಿನ ಗೆರಿ ಅಳಿಸಿ
ಒಳಗ, ಹಿಟ್ಟಿನ ಡಬ್ಬಿ ಬಾಜೂಕ ಮತ್ತ ಎಳದ್ಳು,
ನಾಕ ಮಡಿಕಿ ಕೌದಿ ಹಾಸಿ ಪಂಜರಾ ಇಟ್ಳು.
ಸಂಜಿ ಮುಂದ ನಾ ಮಗ್ಗಕ್ಕ ಹೊಂಟೆ.
ಗೆರಿ ಇರಲಿಲ್ಲ. ಆದ್ರೂ ಕಾಲು ಸುತ್ತ ಹಾಕೇ ಹೋದ್ವು.

ರಾತ್ರಿ ಮಗ್ಗ ಆರಿಸಿ ನೀರ ಕುಡಿಯಾಕ ಬಂದೆ.
ಪಂಜರದಾಗ ಓಡೂ ಗಾಲಿ.
ಬಳ್ಳೀಲೆ ತಿರುವಿದೆ, ಕಿರ್ ಅಂತು.
ಮಗ್ಗದೆಣ್ಣಿ ಬ್ಯಾಡ, ನೆಕ್ಕೀತು.
ಶೇಂಗಾ ಎಣ್ಣಿ ಒಂದ ಹನಿ ಬಿಟ್ಟು
ಮತ್ತ ತಿರುವಿದೆ, ಮತ್ತ ತಿರುವಿದೆ.
ಕತ್ತಲದಾಗಿಂದ ಧ್ವನಿ:
"ಬಂತೇನ ಅಪ್ಪಾ?"
ಇಲ್ಲವಾ, ಮಲಕೋ.
ಇನ್ನೂ ಗುರುವಾರ.